ಔಟ್‌ಟರ್ನ್

ಮಾರ್ಚ್ ಮೂವತ್ತೊಂದು. ಕುಶಾಲನಗರದ ಕ್ಯೂರಿಂಗ್ ವರ್ಕ್ಸಿನಲ್ಲಿ
ತೂಕದ ಪುಸ್ತಕ ಮುಚ್ಚುವ ದಿನ.
ಅದನ್ನೇ ತಲೆಕೆಳಗು ಮಾಡಿ ಹಿಂದಿನಿಂದ ತೆರೆದರೆ
ನನ್ನ ಇನ್ನೊಂದು ಲೆಕ್ಕ:
ಓದಿದ್ದು ಇಪ್ಪತ್ತಮೂರು,
ಅರ್ಧಕ್ಕೆ ಬಿಟ್ಟದ್ದು ಆರು,
ಓದಿದೆನೆಂದು ಸುಳ್ಳು ಹೇಳಿದ್ದು ಒಂದು.

ಐವತ್ತು ಕಿಲೋ ಚೆರ್ರಿ ಮೂಟೆಯಲ್ಲಿ
ಸಿಪ್ಪೆ ಕಳೆದು ಉಳಿಯುವುದು ಇಪ್ಪತ್ತಾರು, ಇಪ್ಪತ್ತೇಳು.
ಅದಕ್ಕೆ ಔಟ್‌ಟರ್ನ್ ಅನ್ನುತ್ತೇವೆ.
ಅರ್ಧ ಕಿಲೋ ಕಮ್ಮಿಯಾದರೆ
ಬೆಳೆಗಾರರು ಜೀಪಿನಿಂದ ಇಳಿಯದೆಯೇ ಬೈಯುತ್ತಾರೆ.
ಈ ಇಪ್ಪತ್ತಮೂರಕ್ಕೆ ನನ್ನೊಳಗೆ ನಿಂತದ್ದೆಷ್ಟು?
ಇಲ್ಲಿ ತೂಗುವವಳೂ ನಾನೇ, ಬೈಯುವವಳೂ ನಾನೇ.

ಏಪ್ರಿಲಿನ ಮೂರು ನೆನಪೇ ಇಲ್ಲ.
ಹೆಸರಿದೆ, ತಾರೀಖಿದೆ, ಒಂದರ ಮುಂದೆ
"ಚೆನ್ನಾಗಿದೆ" ಎಂದು ನನ್ನದೇ ಅಕ್ಷರ.
ಏನು ಚೆನ್ನಾಗಿತ್ತೋ.

ಮೇ ತಿಂಗಳಲ್ಲಿ ಲೈಬ್ರರಿಯ ಬೆಳ್ಯಪ್ಪ ಒತ್ತಾಯಿಸಿ ಕೊಟ್ಟ
ಎಂಟುನೂರು ಪುಟದ ಮಹಾಗ್ರಂಥ
ಕುಂಟುತ್ತಿದ್ದ ಮೇಜಿನ ಕಾಲಿಗೆ ಸರಿಹೋಯಿತು.
ಸುಳ್ಳು ಹೇಳಿದ್ದು ಇದರ ಬಗ್ಗೆಯೇ.

ಜುಲೈಯಲ್ಲಿ ಒಂಬತ್ತು ದಿನ ಕರೆಂಟಿಲ್ಲ.
ಹೊಳೆ ಬಡಾವಣೆಯೊಳಗೆ ಬಂದು
ನಮ್ಮ ಮೂರನೇ ಮೆಟ್ಟಿಲು ಮುಟ್ಟಿ ಹಿಂದೆ ಹೋಯಿತು.
ಕೈಗೆಟುಕಿದ್ದು ಒಂದೇ ಕಾದಂಬರಿ, ಮೂರು ಸಲ ಓದಿದೆ.
ಮೊದಲ ಸಲ ಸೊಸೆಯ ಪರ.
ಎರಡನೆಯ ಸಲ ಅತ್ತೆಯ ಪರ.
ಮೂರನೆಯ ಸಲ, ಮೇಣದಬತ್ತಿ ಬೆರಳುದ್ದ ಉಳಿದಿದ್ದಾಗ,
ಬಾಗಿಲಲ್ಲಿ ನಿಂತು "ನಾಳೆಯಿಂದ ಬರೋದಿಲ್ಲ" ಎಂದಷ್ಟೇ ಹೇಳಿ
ಕತೆಯಿಂದಲೇ ಹೊರಟುಹೋಗುವ
ಹಾಲಿನವನ ಪರ.

ಮನೆಯಲ್ಲಿ ನಮ್ಮದು ಕೊಡವ ತಕ್ಕ್.
ನಗು, ಬೈಗುಳ, ಕನಸು ಎಲ್ಲ ಅದರಲ್ಲೇ.
ಅಳು ಮಾತ್ರ ಈ ವರ್ಷ ಕನ್ನಡದಲ್ಲಿ ಬಂತು,
ಅಕ್ಟೋಬರಿನಲ್ಲಿ, ನೂರ ಹನ್ನೆರಡನೇ ಪುಟದಲ್ಲಿ.
ಹಾಕಿ ಮ್ಯಾಚು ನೋಡುತ್ತಿದ್ದ ಗಂಡ ತಿರುಗಿ
"ಎಂತ ಆಚಿ?" ಅಂದರು.
ಪುಸ್ತಕ, ಅಂದೆ.
ಹಾಗಾದರೆ ಸರಿ ಎಂಬಂತೆ ಮತ್ತೆ ಟಿವಿಗೆ ತಿರುಗಿದರು.

ಎಲ್ಲಕ್ಕಿಂತ ಚಿಕ್ಕ ಓದು ಮೈಸೂರಿನ ಲ್ಯಾಬಿನ ಹಾಳೆ.
ಆರು ಸಾಲು, ಇಂಗ್ಲಿಷು.
ಬಸ್ಸು ಬೈಲುಕುಪ್ಪೆ ದಾಟುವಷ್ಟರಲ್ಲಿ ಹನ್ನೊಂದು ಸಲ ಓದಿದ್ದೆ.
ಒಂದು ಪದ ಮಾತ್ರ ಬಿಟ್ಟುಕೊಡಲಿಲ್ಲ.
ಮನೆಗೂ ಹೋಗದೆ ಬೆಳ್ಯಪ್ಪನ ನಿಘಂಟು ತೆಗೆಸಿ ನೋಡಿದರೆ:
ಸೌಮ್ಯ.
ಪೊನ್ನಂಪೇಟೆಯ ಹೈಸ್ಕೂಲಿನಲ್ಲಿ ನನ್ನ ಬೆಂಚಿನವಳು,
ಕಡುಬಿಗೆ ಬದಲು ಇಡ್ಲಿ ಕೊಡುತ್ತಿದ್ದವಳು!
ಕಂಕುಳ ಗಡ್ಡೆಯೇ,
ಮೊದಲೇ ಹೆಸರು ಹೇಳಬಾರದಿತ್ತೇ.

ಮತ್ತೆ ಸುಬೈದಾ. ಬೆಲ್ಟಿನ ಬದಿಗೆ ಕೂತು
ಕಪ್ಪು ಬೀಜ ಹೆಕ್ಕುವವಳು.
ಕನ್ನಡ ಮಾತಾಡುತ್ತಾಳೆ, ಅಕ್ಷರ ಬಾರದು.
ಬುತ್ತಿ ಬಿಚ್ಚಿದರೆ ದಿನಕ್ಕೊಂದು ಅಧ್ಯಾಯ ನಾನು ಹೇಳಲೇಬೇಕು.
ನವೆಂಬರಿನ ಪತ್ತೇದಾರಿಯ ಕೊನೆಯ ಇಪ್ಪತ್ತು ಪುಟ
ಗೆದ್ದಲು ಓದಿ ಮುಗಿಸಿತ್ತು.
"ಕೊಂದದ್ದು ಯಾರು?"
ಎರಡು ದಿನ ತಪ್ಪಿಸಿಕೊಂಡೆ.
ಮೂರನೆಯ ದಿನ, ಪೋಸ್ಟ್‌ಮಾಸ್ಟರ್, ಎಂದೆ.
ಅವನಿಗೊಂದು ಬೀಗದ ಕೈ ಹುಟ್ಟಿಸಿದೆ,
ಕಾರಣ ಸಾಲದೆನಿಸಿ
ಸತ್ತ ತಂಗಿಯೊಬ್ಬಳನ್ನೂ ಹುಟ್ಟಿಸಿದೆ.
ಸುಬೈದಾ ಕಲಸಿದ ಅನ್ನ ಹಾಗೇ ಬಿಟ್ಟು
"ಪಾವಂ" ಎಂದಳು, ಕೊಲೆಗಾರನಿಗೆ.

ಫೆಬ್ರವರಿಯಲ್ಲಿ ಮಡಿಕೇರಿಯಲ್ಲಿ ಪೂರ್ತಿ ಪ್ರತಿ ಸಿಕ್ಕಿತು.
ಕಪಾಟಿನ ಮುಂದೆ ನಿಂತೇ ಓದಿದೆ.
ಕೊಂದದ್ದು ವಕೀಲ. ದುಡ್ಡಿಗೆ. ಅಷ್ಟೆ.
ಅವಳಿಗೆ ಹೇಳಿಲ್ಲ.
ಈಗಲೂ ಸುಬೈದಾ ಅಂಚೆ ಕಚೇರಿಯ ಮುಂದೆ
ಹೆಜ್ಜೆ ಸ್ವಲ್ಪ ನಿಧಾನ ಮಾಡುತ್ತಾಳೆ.
ಅದನ್ನು ಯಾವ ಕಾಲಮಿಗೆ ಹಾಕಲಿ?

ಕಡೆಯ ಲಾರಿ ಬಂದು ನಿಂತಿದೆ.
ಹೂಮಳೆ ಬಿದ್ದ ತೋಟಗಳ ನಡುವೆ ಹಾದು ಬಂದದ್ದು,
ಟಾರ್ಪಾಲಿಗೆ ಅಲ್ಲಲ್ಲಿ ಬಿಳಿ ಹೂ ಮೆತ್ತಿದೆ;
ಅದರ ತೂಕವನ್ನು ಕಳೆಯುವ ಕ್ರಮ ನಮ್ಮಲ್ಲಿಲ್ಲ.

ನಾಳೆ ಹೊಸ ಲೆಕ್ಕ. ಬೆಳ್ಯಪ್ಪನ ದಂಡದ ಚೀಟಿಯೂ ಬಂದಿದೆ.
ಬಗ್ಗಿ, ಮೇಜಿನಡಿಯಿಂದ ಮಹಾಗ್ರಂಥ ಎಳೆದು ತೆರೆದೆ:
ಕಾಲಿನ ದುಂಡು ಗುರುತು, ರಟ್ಟು ದಾಟಿ,
ನಲವತ್ತನೇ ಪುಟದವರೆಗೂ ಒತ್ತಿಕೊಂಡಿದೆ.
ನನಗಿಂತ ಮೇಜೇ ಮುಂದಿದೆ.