ಒಂಬತ್ತು ಅಡಿ

ಹಲಸೂರು ಈಜುಕೊಳದ ತಳಕ್ಕೆ
ಸೀಸ ಕಟ್ಟಿದ ಎರಡು ಮೇಜು ಇಳಿಸಿ, ಟಾರ್ಪಾಲು ಹೊದಿಸಿ,
"ಇದೇ ಗುಹೆ, ನುಗ್ಗಿ ಮೇಡಂ" ಅಂದ ಡೆನ್ಜಿಲ್.

ಕಡಮತ್ತಿಗೆ ಹೊರಡಲು ಇನ್ನು ಹನ್ನೊಂದೇ ದಿನ.
ಅಲ್ಲಿ ಹವಳವಂತೆ, ಗಿಳಿಮೀನಂತೆ.
ಇಲ್ಲಿ ಬಿರುಕು ಬಿಟ್ಟ ನೀಲಿ ಟೈಲು;
ಯಾರದೋ ಮೊಣಕಾಲಿನ ಬ್ಯಾಂಡೇಜೊಂದು
ತೇಲಿ ಬಂದು, ನನ್ನ ಮುಖದ ಗಾಜಿನೊಳಗೆ ಇಣುಕಿ,
ಗುರುತು ಸಿಗದೆ ಹೋಯಿತು.

ಉಸಿರು ಬಿಗಿಹಿಡಿಯಬಾರದು, ಅದೊಂದೇ ಪಾಠ.
ಬಿಗಿಹಿಡಿದೇ ಅಭ್ಯಾಸ ನನಗೆ:
ಮೂವತ್ತು ವರ್ಷ, ಅಂಚೆ ಕಚೇರಿಯ ಕೌಂಟರಿನ ಹಿಂದೆ.

ಬಿಟ್ಟೆ.
ಬಿಟ್ಟದ್ದೆಲ್ಲ ಟಾರ್ಪಾಲಿಗೆ ತಗುಲಿ, ಕೂಡಿ,
ಪಾದರಸದ ತಟ್ಟೆಯಾಗಿ ನಡುಗಿತು.
ಇಷ್ಟಿತ್ತೇ ನನ್ನೊಳಗೆ?

ಹೆಬ್ಬೆರಳೆತ್ತಿದೆ, ಚೆನ್ನಾಗಿದೆ ಎನ್ನಲು.
ನೀರೊಳಗೆ ಅದರರ್ಥ, ಮೇಲಕ್ಕೆ ಹೋಗೋಣ.
ಡೆನ್ಜಿಲ್ ಎಳೆದೊಯ್ದ
ಬಸ್ಸಿನ ಹಾರ್ನುಗಳತ್ತ.