ಥರ್ಮಾಕೋಲ್ ಗಡ್ಡಿ

ಶಾಲಿ ಬೆಂಚಿನ ಮ್ಯಾಲ ನಮ್ಮ ಜಾಲಿಗಡ್ಡಿ ತಂದಿಟ್ಟಾರ,
ಮೊಳದುದ್ದ, ಗೇಣಗಲ.
ಸುತ್ತ ಕೃಷ್ಣಾ ಅಂತ ನೀಲಿ ಗಾಜು.
ಒಂದು ನೊಣ ಗಾಜಿನ ಮ್ಯಾಲ ನಡಕೋತ ಬಂದು
ಈಚಿ ದಂಡಿಗೆ ಕುಂತು ಕೈ ತಿಕ್ಕಲತ್ತದ.

ಸಾಹೇಬ ಕಡ್ಡಿ ಹಿಡಿದು ತೋರಸ್ತಾನ:
ಇಲ್ಲಿ ನಲವತ್ತು ಖೋಲಿ. ಇಲ್ಲಿ ಕೇರಳದಿಂದ ತಂದ ತೆಂಗು.
ಇಲ್ಲಿ ಬಿಳಿ ಉಸುಕು, ಸಮುದ್ರದ ನಡುಗಡ್ಡಿಯ ಹಂಗ.
ಇಲ್ಲಿ ಈಸುವ ಕೊಳ.
'ಸುತ್ತೆಲ್ಲ ಹೊಳಿ ಇಟಗೊಂಡು ಕೊಳ ಯಾಕ್ರೀ?'
ಮಾನಪ್ಪ ಕೇಳಿದ. ಮಂದಿ ನಕ್ಕಿತು.
ಸಾಹೇಬನೂ ನಕ್ಕ: 'ಹೊಳ್ಯಾಗ ಮೊಸಳಿ ಅವಲ್ಲ!'
ಅವ ಖರೇ. ನಮಗೂ ಅವುಕ್ಕೂ ಮಾತಾಗ್ಯಾದ,
ಮುಂಜಾನಿ ನೀರು ನಮ್ಮದು, ಮಧ್ಯಾಹ್ನದ ಬಿಸಿಲು ಅವುರದು.

ನನ್ನ ಮನಿ ಹುಡುಕಿದೆ.
ಬೇವಿನ ಗಿಡದಿಂದ ಮೂರು ಬೆರಳು ತೆಂಕಿಗೆ.
ಅಲ್ಲಿ ಹಸರು ಅಕ್ಷರ: ಎಣ್ಣಿ ತಿಕ್ಕೋ ಮನಿ ಅಂತ.
ತಿಕ್ಕಿಸಿಗೊಳ್ಳಲಾಕ ದುಡ್ಡು ಕೊಡತಾರಂತ, ನಂಬೂದು ಹ್ಯಾಂಗ!
ತಿಕ್ಕುವ ಕೆಲಸ ಊರ ಹೆಣ್ಣುಮಕ್ಕಳಿಗೇ ಕೊಡತೀವಿ ಅಂದ.

ಆಮ್ಯಾಲ ಕಡ್ಡಿ ಸರದು
ಗಾಜಿನ ಮ್ಯಾಲಿನ ಒಂದು ಸಣ್ಣ ಪಟ್ಟಿಗೆ ಬಂದು ನಿಂತಿತು.
ಸೇತುವೆ.
ಯಾರೂ ನಗಲಿಲ್ಲ.

ನಮ್ಮಪ್ಪ ಕೊಟ್ಟ ಅರ್ಜಿ ಹೆಬ್ಬಟ್ಟಿಂದು.
ಅಣ್ಣ ಕೊಟ್ಟದ್ದು ನೀಲಿ ಮಸಿದು.
ನಾ ಪಂಚಾಯ್ತಿ ಮೆಂಬರಾಗಿ ಕೊಟ್ಟದ್ದು
ಸುರಪುರದಾಗ ಟೈಪ್ ಮಾಡಿಸಿದ್ದು, ಪುಟಕ್ಕ ಇಪ್ಪತ್ತು ರೂಪಾಯಿ.
ಉತ್ತರ ಬರತಿತ್ತು, ಸುಳ್ಳ್ಯಾಕ ಹೇಳಲಿ:
ಹದಿನೆಂಟು ಮನಿಗೆ ಸೇತುವೆ ಕಟ್ಟಲಾಕ ಬರಂಗಿಲ್ಲ.
ಹದಿನೆಂಟು ಮನಿಗೆ ಬರದ ಸೇತುವೆ
ನಲವತ್ತು ಖೋಲಿಗೆ ಬರತದ.

ಡ್ಯಾಮಿನ ಗೇಟು ತೆಗೆದ ರಾತ್ರಿ ಚಂದಮ್ಮಗ ಬ್ಯಾನಿ ಹತ್ತಿತ್ತು.
ಸಾಬಣ್ಣ ಹರಗೋಲು ಹೆಗಲ ಮ್ಯಾಲ ಹೊತ್ತು ಹೊಂಟಿದ್ದ.
ಊರಿಗೆಲ್ಲ ಗೊತ್ತು, ಅಂವ ಅಂಜಿ ತಿರುಗಿ ಬಂದ ಅಂತ.
ಅಂವ ಅಂಜಲಿಲ್ಲ.
ಕತ್ತಲದಾಗ ಅವನ ರಟ್ಟಿ ಹಿಡಿದು ಬ್ಯಾಡ ಅಂದಾಕಿ ನಾ.
ಕೂಸು ಉಳೀತು.
ಅಂವ ಇವತ್ತಿಗೂ ಊರ ಮುಂದ ನನ್ನ ಹೆಸರು ಎತ್ತಿಲ್ಲ.

ಆ ಕೂಸು, ಮೋನಮ್ಮ, ಹನ್ನೊಂದು ಮುಗದಾಕಿ,
ಬೆಂಚಿನ ಬಾಜು ನಿಂತು ಎರಡು ಬೆರಳಿಲೆ
ಆ ಪಟ್ಟಿ ಮ್ಯಾಲ ನಡಕೋತ ಹೋಗಿ, ತಿರುಗಿ ಬಂದು,
ಮತ್ತ ಹೋಗಲತ್ತಿದ್ದಳು.

'ಸೇತುವೆಗೆ ಬಾಗಲಾ ಅದ ಏನ್ರೀ?' ಕೇಳಿದೆ.
'ಸೆಕ್ಯುರಿಟಿ ಇರತದಮ್ಮ.'
'ಕೀಲಿ ಯಾವ ದಂಡಿಗಿ ಇರತದ?'
ಸಾಹೇಬ ಮೊಬೈಲ್ ನೋಡಿಕೊಂಡ.
'ಅದೆಲ್ಲ ಮುಂದಿನ ಹಂತದಾಗ.'

ಸಂತ್ಯಾಗ ಮೀನು ತೂಗಾಕಿ ನಾ.
ಕಿವಿರಿಗೆ ಬೆರಳು ಹಾಕಿ ಎತ್ತಿದರ ಪಾವಕಿಲೋ ತಪ್ಪಂಗಿಲ್ಲ.
ಚಹಾಕ್ಕಂತ ಮಂದಿ ಹೊರಗ ಹ್ವಾದಾಗ
ಗಡ್ಡಿ ಎರಡೂ ಕೈಲೆ ಎತ್ತಿ ನೋಡಿದೆ.
ಏನೂ ಇಲ್ಲ. ಒಣಗಿದ ಗೂಡಿನಷ್ಟು.
ಗಾಜು ಮಾತ್ರ ಭಾರ.

ಹೊಳ್ಳಿ ಬರೂಮುಂದ ಹರಗೋಲಿನ್ಯಾಗ
ಮೋನಮ್ಮ ಮುಚ್ಚಿದ ಮುಷ್ಟಿ ಬಿಚ್ಚಿದಳು.
ಒಳಗ ಸೇತುವೆ.
ಮುರಕೊಂಡು ಬಂದಿದ್ದಳು.
ಬೈಬೇಕಾಗಿತ್ತು. ಬಾಯಿ ಬರಲಿಲ್ಲ.
ಲೆಕ್ಕದ ಪುಸ್ತಕದ ನಡುವ ಇಟ್ಟು, ಚೀಲದ ದಾರ ಬಿಗದಳು.

ನಡು ನೀರಿಗೆ ಬಂದಾಗ ಸಾಬಣ್ಣ ಹುಟ್ಟು ನಿಲ್ಲಿಸಿದ.
'ಬುಧವಾರ ಕೈ ಎತ್ತತೀ ಏನು, ಹಯ್ಯಾಳಮ್ಮ?'
'ಇನ್ನಾ ತೂಗಲತ್ತೀನಿ.'
ಹರಗೋಲು ಒಂದು ಸುತ್ತು ತಾನ ತಿರುಗಿತು,
ಸುರಪುರದ ಗುಡ್ಡ ಎಡಕ್ಕಿದ್ದದ್ದು ಬಲಕ್ಕ ಬಂತು.
'ತೂಗು,' ಅಂದ, 'ಜರಾ ಜಲ್ದಿ ತೂಗು.
ನನ್ನ ರಟ್ಟಿ ಸೋಲಲತ್ತ್ಯಾವ.'