ಪೂರ್ತಿ ಪ್ಯಾಂಟು

ನಮ್ಮನೆಯಲ್ಲಿ ಪ್ಯಾಂಟು ಹೊಲಿಯುವುದಿಲ್ಲ.
ಲೂಪು ಹೊಲಿಯುತ್ತೇವೆ.
ಬೆಲ್ಟು ತೂರುವ ಬೆರಳಗಲದ ಪಟ್ಟಿ,
ನೂರಕ್ಕೆ ಇಷ್ಟು ಅಂತ ಲೆಕ್ಕ, ಚೀಲಗಟ್ಟಲೆ.
ಜೇಬು ಸುಂಕಮ್ಮನ ಮನೆಯಲ್ಲಿ,
ಜಿಪ್ಪು ಖಾಜಾಬಿಯವರ ಮಾಳಿಗೆ ಮೇಲೆ,
ಕಾಲು ಕೂಡಿಸುವುದು ಗಾದಿಲಿಂಗಪ್ಪನ ಶೆಡ್ಡು.
ಕೌಲ್ ಬಜಾರಿನ ಈ ಓಣಿಯಲ್ಲಿ
ದಿನಕ್ಕೆ ಸಾವಿರ ಪ್ಯಾಂಟು ಹುಟ್ಟುತ್ತವೆ,
ಒಂದನ್ನೂ ಪೂರ್ತಿ ಹೆತ್ತವರಿಲ್ಲ.

ತಿಪ್ಪೇರುದ್ರ ಸರ್ ನೋಟೀಸು ಓದಿದರು:
ಒಂಬತ್ತು, ಹತ್ತನೆಯವರು ಮಾತ್ರ.
ಶಾಲೆಗೆ ಇಬ್ಬರು, ತಾಲೂಕಿಗೆ ಐವರು,
ಜಿಲ್ಲೆಯಿಂದ ಒಬ್ಬರೇ ಕಲಬುರಗಿಗೆ.
ನಾಲ್ಕು ತಾಸು. ಒಂದು ಪ್ಯಾಂಟು. ಮೂವತ್ತೆರಡರ ಸೊಂಟ.
ಕತ್ತರಿ ನಿಮ್ಮದೇ ತರಬೇಕು.
ಕೈ ಎತ್ತಿದೆ.
“ಹುಲಿಗೆಮ್ಮಾ, ಯಾವಾಗಾದ್ರೂ ಹೊಲಿದೀಯೇನು?”
“ಲಕ್ಷ ಲೂಪು ಹೊಲಿದೀನಿ ಸರ್.”
ಕ್ಲಾಸು ನಕ್ಕಿತು.
ಸರ್ ಹೆಸರು ಬರೆದುಕೊಂಡರು.

ಸುಂಕಮ್ಮ ಜೇಬಿನ ಬಾಯಿ ಮಡಿಸಿ
ಉಗುರಿನಿಂದ ಗೆರೆ ಎಳೆದಳು: “ಇಸ್ತ್ರಿ ಪೆಟ್ಟಿಗಿ ಯಾಕ ಬೇಕು?”
ಖಾಜಾಬಿ ಮೂರು ಸಲ ಹೊಲಿಸಿ
ಮೂರು ಸಲ ಬಿಚ್ಚಿಸಿದರು.
ನಾಲ್ಕನೆಯದನ್ನು ಮೇಲೆ ಕೆಳಗೆ ಎಳೆದು
ಕಿವಿಯ ಹತ್ತಿರ ಹಿಡಿದು
“ಈಗ ಬಾಯಿ ಬಂತು ನೋಡು” ಅಂದರು.
ಗಾದಿಲಿಂಗಪ್ಪ ಮಾತ್ರ
“ಅದು ಗಂಡಸರ ಮಷೀನು, ಕೈ ತಗೊಂಡೀತು” ಅಂತ
ಎರಡು ದಿನ ಬಾಗಿಲಲ್ಲೇ ನಿಲ್ಲಿಸಿದ.
ಮೂರನೆಯ ದಿನ ಕರೆಂಟು ಹೋಯಿತು.
ಸುಮ್ಮನೆ ಕೂತು ಬೇಸರವಾಗಿ
ಚಕ್ರವನ್ನು ಕೈಯಲ್ಲೇ ತಿರುವುತ್ತಾ
ಒಂದೊಂದೇ ಹೊಲಿಗೆ ತೋರಿಸಿದ.
ಕರೆಂಟು ಇದ್ದಿದ್ದರೆ
ಅಷ್ಟು ನಿಧಾನ ಯಾರು ಕಲಿಸುತ್ತಿದ್ದರು?

ನನಗೆ ಇಂಚು ಗೊತ್ತು, ಗೇಣು ಗೊತ್ತು.
ಅವರ ನಕ್ಷೆಯಲ್ಲಿ ಬರೀ ಮಿಲಿಮೀಟರು.
ರಾತ್ರಿ ಅವ್ವನ ಟೇಪು ತಿರುವಿ ನೋಡಿದೆ:
ನಾನು ಹುಟ್ಟಿದಾಗಿನಿಂದ ಮನೆಯಲ್ಲಿದ್ದ ಟೇಪಿಗೆ
ಇನ್ನೊಂದು ಮುಖವಿತ್ತು.

ತಾಲೂಕಿನಲ್ಲಿ ಐದನೆಯವಳು.
“ಸೂಜಿ ಕಣ್ಣಾಗ ತೂರಿದಂಗ ತೂರಿದಿ” ಅಂದಳು ಅವ್ವ.

ಜಿಲ್ಲೆಯದು ಐಟಿಐ ಹಾಲಿನಲ್ಲಿ.
ಕತ್ತರಿ ಕೆಳಗೆ ಬಿತ್ತು. ಎರಡು ಅಂಕ ಕಟ್.
ಜಿಪ್ಪಿಗೆ ಬಾಯಿ ಬಂತು.
ಎಡಗಾಲು ಮಂಡಿಯ ಹತ್ತಿರ ಸೊಟ್ಟಗಾಯಿತು,
ಕಂಡರೂ ಕಾಣದಂತೆ ಮುಂದೆ ಹೋದೆ.
ಕೊನೆಗೆ ಲೂಪು.
ಪಕ್ಕದ ಸಿರುಗುಪ್ಪದ ಹುಡುಗಿ ಅಲ್ಲೇ ತಡವರಿಸುತ್ತಿದ್ದಳು.
ನನ್ನ ಬೆರಳು ನನ್ನನ್ನು ಕೇಳಲೇ ಇಲ್ಲ;
ಗಡಿಯಾರ ನೋಡುವಷ್ಟರಲ್ಲಿ ಐದೂ ಮುಗಿದಿದ್ದವು.
ಹದಿನಾಲ್ಕು ನಿಮಿಷ ಮಿಕ್ಕಿತ್ತು.
ಎಡಗಾಲು ಬಿಚ್ಚಿದೆ.
ಗಾದಿಲಿಂಗಪ್ಪನ ಕರೆಂಟಿಲ್ಲದ ಮಧ್ಯಾಹ್ನವನ್ನು
ಒಂದೊಂದೇ ಹೊಲಿಗೆಯಾಗಿ ನೆನೆಸಿಕೊಂಡು
ಮತ್ತೆ ಕೂಡಿಸಿದೆ.

ಪ್ಯಾಂಟು ಮನೆಗೆ ಬರಲಿಲ್ಲ.
ನಂಬರಿನ ಚೀಟಿ ಪಿನ್ನು ಮಾಡಿ
ಕಚೇರಿಯ ಕಪಾಟಿಗೆ ಹಾಕಿದರು.
ಬಂದದ್ದು ಸರ್ ಫೋನಿನಲ್ಲಿ ಒಂದು ಫೋಟೊ,
ಮತ್ತೆ ಕಲಬುರಗಿಯ ತಾರೀಕು.

ಓಣಿ ಫೋನಿಗೆ ಮುತ್ತಿತು.
ಸುಂಕಮ್ಮ ಬೆರಳಿಂದ ಹಿಗ್ಗಿಸಿ ಹಿಗ್ಗಿಸಿ
ಜೇಬು ಮಾತ್ರ ನೋಡಿದಳು.
ಖಾಜಾಬಿ ಜಿಪ್ಪು ಮಾತ್ರ.
ಗಾದಿಲಿಂಗಪ್ಪ ಕನ್ನಡಕ ಏರಿಸಿ
ಎಡಗಾಲಿನಲ್ಲೇ ನಿಂತ, ಏನೂ ಅನ್ನಲಿಲ್ಲ.
ನನಗೆ ಎಲ್ಲೋ ಒಂದು ಸಣ್ಣ ಆಸೆ,
ಯಾರಾದರೂ ಪೂರ್ತಿ ನೋಡಲಿ ಅಂತ.

ಕೊನೆಗೆ ಅವ್ವ.
ನೀಲಿ ಹಿಡಿದ ಬೆರಳನ್ನು ಸೆರಗಿಗೆ ಒರೆಸಿಕೊಂಡು
ಫೋನನ್ನು ಮುಟ್ಟದೆ ಬಗ್ಗಿ ಎಣಿಸಿದಳು.
“ಎರಡೇ ಅದಾವಲ್ಲ?”
“ಇನ್ನ ಮೂರು ಹಿಂದ ಅದಾವವ್ವ.”
ಸುಮ್ಮನಿದ್ದಳು.
ಆಮೇಲೆ, ಚೀಲದಿಂದ ಹೊಸ ಪಟ್ಟಿ ಎಳೆಯುತ್ತಾ,
“ಹಿಂದಿಂದೂ ಒಂದು ತೆಗೀಬೇಕಿತ್ತು” ಅಂದಳು,
“ನಿಮ್ಮ ಸರ್‌ಗೆ ಹೇಳು.”